ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳು: ಆಫ್ರಿಕಾದ ದಕ್ಷಿಣ ಭಾಗದಲ್ಲಿ ಚರ್ಚುಗಳ ಸೇವೆ, ಪದೇ ಪದೇ ಕೇಳುವ ಪ್ರಶ್ನೆಗಳು

ಆಫ್ರಿಕಾದ ದಕ್ಷಿಣ ಭಾಗದ ಅನಾಥ ಮಕ್ಕಳ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಕೇಳುತ್ತಾರೆ, ಪತ್ರ ಬರೆಯುತ್ತಾರೆ, ಮೆಸೇಜ್ ಹಾಕುತ್ತಾರೆ. ಕ್ರೈಸ್ತರಲ್ಲದ ಗೆಳೆಯರು ಕೇಳುವುದು ಬೇರೆ ಥರದ ಪ್ರಶ್ನೆಗಳು, ಅವೂ ಕೇಳಬೇಕಾದವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಬೇಕಾದ್ದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲಿಗೆ

“ದಕ್ಷಿಣ ಆಫ್ರಿಕಾ ಅಂದ್ರೆ ಮಂಡೇಲಾ ಅವರ ದೇಶ ತಾನೇ? ಬೇರೆ ದೇಶಗಳ ಹೆಸರು ಯಾಕೆ ಬರುತ್ತೆ?”

ಅದು ಒಂದು ದೇಶದ ಹೆಸರು ಹೌದು. ಇಲ್ಲಿ ಹೇಳುತ್ತಿರುವುದು ಖಂಡದ ದಕ್ಷಿಣ ಭಾಗ ಇಡೀ: ದಕ್ಷಿಣ ಆಫ್ರಿಕಾ, ಲೆಸೋಥೋ, ಎಸ್ವಾಟಿನಿ, ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆ, ಜಾಂಬಿಯಾ, ಮಲಾವಿ, ಮೊಜಾಂಬಿಕ್. ಎಸ್ವಾಟಿನಿಯನ್ನು 2018ರವರೆಗೆ ಸ್ವಾಜಿಲ್ಯಾಂಡ್ ಎನ್ನುತ್ತಿದ್ದರು. ಕೂಲಿಗೆ, ಮದುವೆಗೆ, ವ್ಯಾಪಾರಕ್ಕೆ ಜನ ಈ ಗಡಿಗಳನ್ನು ದಾಟುತ್ತಲೇ ಇರುತ್ತಾರೆ. ಹಾಗಾಗಿ ಕಷ್ಟವೂ ಒಂದೇ ದೇಶದೊಳಗೆ ನಿಲ್ಲಲಿಲ್ಲ.

“ಅಷ್ಟೊಂದು ಮಕ್ಕಳು ಅನಾಥರಾಗಿದ್ದು ಯಾಕೆ? ಯುದ್ಧ ಏನಾದ್ರೂ ಆಯ್ತಾ?”

ಮೊಜಾಂಬಿಕ್‌ನಲ್ಲಿ 1992ರವರೆಗೆ ಅಂತರ್ಯುದ್ಧ ನಡೆಯಿತು. ಆದರೆ ಇಡೀ ಪ್ರದೇಶವನ್ನು ನೋಡಿದರೆ ದೊಡ್ಡ ಕಾರಣ ಏಡ್ಸ್.

ಅದಕ್ಕೂ ಹಿಂದಿನ ಕಥೆ ಸ್ವಲ್ಪ ತಿಳಿದಿರಬೇಕು. ಈ ಭಾಗದ ಗಂಡಸರು ನೂರಕ್ಕೂ ಹೆಚ್ಚು ವರ್ಷಗಳಿಂದ ಜೊಹಾನ್ಸ್‌ಬರ್ಗ್ ಸುತ್ತಲಿನ ಚಿನ್ನದ ಗಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಹೆಂಡತಿ ಮಕ್ಕಳು ಲೆಸೋಥೋದಲ್ಲೋ ಮೊಜಾಂಬಿಕ್‌ನಲ್ಲೋ ಇರುತ್ತಿದ್ದರು. ಗಂಡ ಗಣಿಯ ಹಾಸ್ಟೆಲ್ಲಿನಲ್ಲಿ ತಿಂಗಳುಗಟ್ಟಲೆ ಒಬ್ಬನೇ. ಸಂಸಾರವನ್ನು ಹೀಗೆ ಎರಡು ಕಡೆ ಒಡೆದಿಟ್ಟ ಪದ್ಧತಿ ಎಚ್‌ಐವಿ ಹರಡಲು ದಾರಿ ಮಾಡಿಕೊಟ್ಟಿತು. ಗಣಿ ದೂಳಿನಿಂದ ಹೆಚ್ಚಿದ ಕ್ಷಯರೋಗ ಅದರ ಜೊತೆ ಸೇರಿಕೊಂಡಿತು.

1996ರ ಹೊತ್ತಿಗೆ ಎಚ್‌ಐವಿಯನ್ನು ಹಿಡಿತದಲ್ಲಿಡುವ ಔಷಧಿ ಬಂದಿತ್ತು. ಆದರೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ ಖರ್ಚು. 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿ ಮೂರು ಔಷಧಿಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರ್‌ಗೆ ಕೊಡುವುದಾಗಿ ಹೇಳಿದಾಗ ಜಗತ್ತಿನ ಲೆಕ್ಕವೇ ಬದಲಾಯಿತು. ಆದರೂ ದಕ್ಷಿಣ ಆಫ್ರಿಕಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಸಿಗತೊಡಗಿದ್ದು 2004ರಲ್ಲಿ. ಆ ನಡುವಿನ ವರ್ಷಗಳಲ್ಲಿ ತೀರಿಹೋದವರಲ್ಲಿ ಹೆಚ್ಚಿನವರು ಪ್ರಾಯದವರು, ಅಂದರೆ ಎಳೆ ಮಕ್ಕಳ ಅಪ್ಪ ಅಮ್ಮಂದಿರು. ಎಸ್ವಾಟಿನಿಯಲ್ಲಿ ಇವತ್ತಿಗೂ ವಯಸ್ಕರಲ್ಲಿ ಸುಮಾರು ನಾಲ್ವರಿಗೆ ಒಬ್ಬರಿಗೆ ಎಚ್‌ಐವಿ ಇದೆ.

“ಅಮ್ಮ ಬದುಕಿದ್ದರೂ ಅನಾಥ ಅಂತ ಲೆಕ್ಕ ಹಾಕ್ತಾರಂತೆ. ಇದು ಮೋಸ ಅಲ್ವಾ?”

ಮೋಸ ಅಲ್ಲ, ಅದು ಅಂಕಿಅಂಶದವರ ಪದ್ಧತಿ. ಯುನಿಸೆಫ್ ಲೆಕ್ಕದಲ್ಲಿ 18 ತುಂಬುವ ಮೊದಲು ಅಪ್ಪ ಅಮ್ಮರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವೂ ಅನಾಥವೇ. ಇಬ್ಬರನ್ನೂ ಕಳೆದುಕೊಂಡವರನ್ನು ಬೇರೆಯಾಗಿ ಎಣಿಸುತ್ತಾರೆ. ಆದರೆ ನಮ್ಮ ಕಿವಿಗೆ ‘ಅನಾಥ’ ಅಂದರೆ ಯಾರೂ ಇಲ್ಲದವರು. ಹಾಗಾಗಿ ಲಕ್ಷಗಟ್ಟಲೆ ಅನಾಥರು ಅಂತ ಓದಿದಾಗ ಲಕ್ಷಗಟ್ಟಲೆ ಮಕ್ಕಳು ಬೀದಿಯಲ್ಲಿದ್ದಾರೆ ಅನ್ನಿಸುತ್ತದೆ. ಅದು ನಿಜವಲ್ಲ. ದೇಣಿಗೆ ಕೇಳುವವರು ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೆಲಸ ಮಾಡುವವರು ‘ಓವಿಸಿ’ ಎಂಬ ಮಾತನ್ನು ಬಳಸುತ್ತಾರೆ. ಅನಾಥರು ಮತ್ತು ಕಷ್ಟಕ್ಕೆ ಸಿಕ್ಕ ಮಕ್ಕಳು ಅಂತ ಅದರ ಅರ್ಥ. ಅಮ್ಮ ಹಾಸಿಗೆ ಹಿಡಿದಿರುವ ಮನೆಯ ಮಗು ಅನಾಥ ಅಲ್ಲ. ಆದರೆ ಕೊಡ ಹೊತ್ತು ನೀರು ತರುವುದು, ಅಡುಗೆ, ಅಮ್ಮನ ಆರೈಕೆ ಎಲ್ಲ ಅದರ ಹೆಗಲ ಮೇಲೇ ಇರುತ್ತದೆ.

“ಹಾಗಾದ್ರೆ ಈ ಮಕ್ಕಳನ್ನು ಈಗ ಸಾಕ್ತಿರೋದು ಯಾರು?”

ಹೆಚ್ಚಾಗಿ ಅಜ್ಜಿಯರು. ಜೂಲು, ಸ್ವಾತಿ ಭಾಷೆಗಳಲ್ಲಿ ಅಜ್ಜಿಗೆ ‘ಗೋಗೊ’ ಎನ್ನುತ್ತಾರೆ. ಈ ವಿಷಯದಲ್ಲಿ ಒಂದೇ ಒಂದು ಪದ ಕಲಿಯುವುದಾದರೆ ಇದನ್ನು ಕಲಿಯಿರಿ.

ನಮ್ಮಲ್ಲಿ ‘ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರದು’ ಅಂತ ಗಾದೆ ಇದೆ. ಈ ಗೋಗೊಗಳ ಮುಂದೆ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ. ಹೆತ್ತ ಮಕ್ಕಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಮಣ್ಣು ಮಾಡಿ, ಅವರ ಮಕ್ಕಳನ್ನು ತಮ್ಮ ವೃದ್ಧಾಪ್ಯ ವೇತನದಲ್ಲಿ ಬೆಳೆಸಿದವರು ಅವರು.

ಅಲ್ಲಿನ ನೆಂಟಸ್ತಿಕೆ ನಮಗೆ ಬೇಗ ಅರ್ಥವಾಗುತ್ತದೆ. ಜೂಲು ಭಾಷೆಯಲ್ಲಿ ಅಪ್ಪನ ಅಣ್ಣ ‘ಬಾಬೊಮ್‌ಖುಲು’, ಅಮ್ಮನ ಅಕ್ಕ ‘ಮಾಮ್‌ಖುಲು’. ‘ಖುಲು’ ಅಂದರೆ ದೊಡ್ಡ. ಸರಿಯಾಗಿ ನಮ್ಮ ದೊಡ್ಡಪ್ಪ, ದೊಡ್ಡಮ್ಮ! ಸೋದರಮಾವನಿಗೆ ‘ಮಲುಮೆ’ ಅಂತ ಬೇರೆಯೇ ಪದ ಇದೆ. ದೊಡ್ಡಪ್ಪನೂ ಒಬ್ಬ ಅಪ್ಪ ಅನ್ನುವ ಮನೆಯಲ್ಲಿ ಅಪ್ಪ ಸತ್ತ ಮಗು ಪೂರ್ತಿ ಬರಿಗೈ ಆಗುವುದಿಲ್ಲ. ಹಳೆಯ ಮಿಷನರಿಗಳಲ್ಲಿ ಎಷ್ಟೋ ಮಂದಿಗೆ ಇದು ಹೊಳೆಯಲಿಲ್ಲ.

ದೊಡ್ಡವರು ಯಾರೂ ಇಲ್ಲದೆ ಹಿರಿಯ ಮಗುವೇ ನಡೆಸುವ ಮನೆಗಳೂ ಇವೆ. ದಕ್ಷಿಣ ಆಫ್ರಿಕಾದ ಮಕ್ಕಳ ಕಾಯ್ದೆ ಅವನ್ನು ಗುರುತಿಸುತ್ತದೆ. ಮನೆ ನಡೆಸುವ ಮಗುವಿಗೆ 16 ತುಂಬಿರಬೇಕು, ಮೇಲೆ ನೋಡಿಕೊಳ್ಳಲು ದೊಡ್ಡವರೊಬ್ಬರು ನೇಮಕವಾಗಿರಬೇಕು.

## ಚರ್ಚುಗಳು ಮಾಡುವ ಕೆಲಸ

“ಇದರಲ್ಲಿ ಚರ್ಚುಗಳೇ ಯಾಕೆ ಮುಂದೆ? ಸರ್ಕಾರ ಏನು ಮಾಡುತ್ತೆ?”

ಸರ್ಕಾರಗಳು ಮಾಡುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ಬಡ ಮಕ್ಕಳ ಭತ್ಯೆ 1998ರಲ್ಲಿ 100 ರ‍್ಯಾಂಡ್‌ನಿಂದ ಶುರುವಾಗಿ 2025ರಲ್ಲಿ 560 ರ‍್ಯಾಂಡ್ ಆಗಿದೆ. ಯಾವ ಚರ್ಚೂ ಅಷ್ಟು ಮಕ್ಕಳನ್ನು ಮುಟ್ಟಲಾರದು.

ಆದರೆ ಟಾರು ರಸ್ತೆ ಮುಗಿದ ಮೇಲೆ, ಕಾಲುದಾರಿಯ ಕೊನೆಯ ಹಟ್ಟಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನುವುದು ಚರ್ಚಿನ ಹೆಂಗಸರಿಗೆ ಗೊತ್ತಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ‘ಮಾನ್ಯಾನೊ’ ಎಂಬ ಹೆಂಗಸರ ಪ್ರಾರ್ಥನಾ ಸಂಘಗಳಿವೆ. ಮನೆಗೆಲಸದವರಿಗೆ ಗುರುವಾರ ಮಧ್ಯಾಹ್ನ ರಜೆ ಇರುತ್ತಿದ್ದರಿಂದ ಅವರು ಗುರುವಾರ ಸೇರುತ್ತಾರೆ. ಮೆಥೊಡಿಸ್ಟ್ ಸಭೆಯ ಹೆಂಗಸರ ಕೆಂಪು ರವಿಕೆ ದೂರದಿಂದಲೇ ಕಾಣುತ್ತದೆ. ಸಾವಿನ ಮನೆಗೆ ಮೊದಲು ಬರುವವರು ಇವರೇ. ಮಣ್ಣಾದ ಮೇಲೆ ಮಕ್ಕಳು ಏನಾದರು ಅಂತ ವಿಚಾರಿಸುವವರೂ ಇವರೇ.

ಇನ್ನು ನಂಬಿಕೆಯ ಮಾತು. ಯಾಕೋಬನ ಪತ್ರಿಕೆಯ 1ನೇ ಅಧ್ಯಾಯ 27ನೇ ವಚನ ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಪರಾಮರಿಸಬೇಕು ಎನ್ನುತ್ತದೆ. ಮೂಲದಲ್ಲಿ ಆ ಪದಕ್ಕೆ ಹೋಗಿ ನೋಡಿಕೊಳ್ಳುವುದು ಎಂಬ ಅರ್ಥವಿದೆ. ಮಕ್ಕಳನ್ನೂ ವಿಧವೆಯನ್ನೂ ಒಟ್ಟಿಗೇ ಹೇಳಿದ್ದಾರೆ ನೋಡಿ. ಮಗುವನ್ನು ಅಮ್ಮನಿಂದ, ಅಜ್ಜಿಯಿಂದ ಬಿಡಿಸಿ ತನ್ನಿ ಅಂತ ಅಲ್ಲಿಲ್ಲ.

“ಮನೆ ಭೇಟಿ ಅಂತ ಹೇಳ್ತೀರಲ್ಲ, ಹೋಗಿ ಏನು ಮಾಡ್ತಾರೆ? ಪ್ರಾರ್ಥನೆ ಮಾಡಿ ಬರ್ತಾರಾ?”

ಪ್ರಾರ್ಥನೆಯೂ ಇರುತ್ತದೆ. ಅದರ ಮೊದಲು ನೀರು ತುಂಬುತ್ತಾರೆ, ಮನೆ ಗುಡಿಸುತ್ತಾರೆ, ಮಗುವಿನ ತಲೆ ತೊಳೆಯುತ್ತಾರೆ. ಹಿಟ್ಟಿನ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಕಣ್ಣಲ್ಲೇ ಅಳೆಯುತ್ತಾರೆ. ಕ್ಲಿನಿಕ್ ಚೀಟಿಯ ತಾರೀಖು ನೋಡುತ್ತಾರೆ. ದೊಡ್ಡ ಹುಡುಗಿ ಯಾಕೆ ಎರಡು ದಿನದಿಂದ ಶಾಲೆಗೆ ಹೋಗಿಲ್ಲ ಅಂತ ಕೇಳುತ್ತಾರೆ. ಕೆಲವೊಮ್ಮೆ ಅವಳು ಹೇಳದೆ ಇದ್ದದ್ದೂ ಅವರಿಗೆ ತಿಳಿಯುತ್ತದೆ.

ಈ ಕೆಲಸಕ್ಕೆ ಒಳ್ಳೆಯ ಮಾದರಿಗಳು ಬಂದದ್ದು ಆಫ್ರಿಕಾದ ಊರುಗಳಿಂದಲೇ. ಜಾಂಬಿಯಾದ ಚಿಕಂಕಾಟದಲ್ಲಿ ಸಾಲ್ವೇಷನ್ ಆರ್ಮಿ ಎಂಬ ಕ್ರೈಸ್ತ ಸಭೆಯ ಆಸ್ಪತ್ರೆ 1987ರಲ್ಲೇ ಏಡ್ಸ್ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವ ಕ್ರಮ ಶುರು ಮಾಡಿತು. ಅದೇ ವರ್ಷ ಜಿಂಬಾಬ್ವೆಯ ಮುಟಾರೆಯಲ್ಲಿ ಮಕ್ಕಳ ವೈದ್ಯ ಜೆಫ್ ಫಾಸ್ಟರ್ ‘ಫ್ಯಾಕ್ಟ್’ ಎಂಬ ಕ್ರೈಸ್ತ ಸಂಸ್ಥೆ ಕಟ್ಟಿದರು. 1993ರಲ್ಲಿ ಅದರ ‘ಫೋಕಸ್’ ಕಾರ್ಯಕ್ರಮ ಬಂತು. ಸುತ್ತಲಿನ ಚರ್ಚುಗಳಿಂದ ಹೆಂಗಸರನ್ನು ಆರಿಸಿ, ತೀರಾ ಕಷ್ಟದಲ್ಲಿರುವ ಮನೆಗಳಿಗೆ ತಪ್ಪದೆ ಭೇಟಿ ಕೊಡುವ ಕೆಲಸ ಅದು. ಆ ಹೆಂಗಸರಲ್ಲಿ ಹಲವರು ತಾವೇ ವಿಧವೆಯರು, ತಮ್ಮ ಮನೆಯಲ್ಲೂ ಅನಾಥ ಮಕ್ಕಳನ್ನು ಸಾಕುತ್ತಿದ್ದವರು.

“ಊಟ ಹಾಕೋದು ದೊಡ್ಡ ಕೆಲಸ ಅನ್ನಿಸುತ್ತೆ. ಅಲ್ಲಿ ಮಕ್ಕಳು ಏನು ತಿಂತಾರೆ?”

ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತೊಳಸಿ ಮಾಡುವ ಮುದ್ದೆಯಂಥ ಅಡುಗೆ. ಜಿಂಬಾಬ್ವೆಯಲ್ಲಿ ‘ಸಾಡ್ಜಾ’, ಮಲಾವಿಯಲ್ಲಿ ‘ನ್ಸಿಮಾ’, ದಕ್ಷಿಣ ಆಫ್ರಿಕಾದಲ್ಲಿ ‘ಪಾಪ್’. ಕೈಯಲ್ಲಿ ಮುರಿದು, ಉಂಡೆ ಮಾಡಿ, ಸೊಪ್ಪಿನ ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ಜಿಂಬಾಬ್ವೆಯಲ್ಲಿ ರಾಗಿಯನ್ನೂ ಬೆಳೆಯುತ್ತಾರೆ. ನಮ್ಮ ರಾಗಿಯ ಮೂಲವೇ ಆಫ್ರಿಕಾ ಅಲ್ವಾ!

ಎಸ್ವಾಟಿನಿಯಲ್ಲಿ ಊರಿನವರೇ ನಡೆಸುವ ಅಡುಗೆ ಕೇಂದ್ರಗಳಿವೆ. ಒಂದು ಚಪ್ಪರ, ಮೂರು ಕಾಲಿನ ಕಬ್ಬಿಣದ ಹಂಡೆ, ಅಡುಗೆ ಮಾಡುವ ನಾಲ್ಕಾರು ಹೆಂಗಸರು. ಶಾಲೆಗೆ ಹೋಗದ ಚಿಕ್ಕ ಮಕ್ಕಳು ಬೆಳಗ್ಗೆ ಬಂದು ಆಡಿಕೊಂಡು, ಉಂಡು, ಮನೆಗೆ ಹೋಗುತ್ತಾರೆ. ನಮ್ಮ ಅಂಗನವಾಡಿ ನೆನಪಾಗುತ್ತದೆ. ಆ ದೇಶದಲ್ಲಿ ‘ಇಂಡ್ಲುನ್‌ಖುಲು’ ಎಂಬ ಹಳೆಯ ಪದ್ಧತಿಯೂ ಇದೆ. ಊರ ಮುಖ್ಯಸ್ಥನ ಹೊಲದಲ್ಲಿ ಎಲ್ಲರೂ ಸೇರಿ ದುಡಿದು ಬೆಳೆದದ್ದರಲ್ಲಿ ಗತಿಯಿಲ್ಲದವರಿಗೆ ಪಾಲು ಹೋಗುತ್ತದೆ. ಏಡ್ಸ್ ಕಾಲದಲ್ಲಿ ಅದನ್ನು ಅನಾಥ ಮಕ್ಕಳಿಗಾಗಿ ಮತ್ತೆ ಚಾಲನೆಗೆ ತಂದರು.

ಮಲಾವಿಯಲ್ಲಿ ‘ಮೇರಿಸ್ ಮೀಲ್ಸ್’ 2002ರಲ್ಲಿ ಬ್ಲಾಂಟೈರ್ ನಗರದ ಚಿಲೊಮೋನಿಯಲ್ಲಿ 200 ಮಕ್ಕಳಿಗೆ ಗಂಜಿ ಕೊಡುವುದರಿಂದ ಶುರುವಾಯಿತು. ಕ್ಯಾಥೊಲಿಕ್ ನಂಬಿಕೆಯಿಂದ ಹುಟ್ಟಿದ ಸಂಸ್ಥೆ ಅದು. ಈಗ ಹಲವು ದೇಶಗಳಲ್ಲಿ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಶಾಲೆಯಲ್ಲೇ ಊಟ ಕೊಡುತ್ತದೆ. ಬಿಸಿಯೂಟ ಕಂಡ ನಮಗೆ ಶಾಲೆಯಲ್ಲೇ ಯಾಕೆ ಅಂತ ವಿವರಿಸಬೇಕಾಗಿಲ್ಲ.

“ಶಾಲೆ ಉಚಿತ ಅಂತಾರೆ. ಮತ್ತೆ ಓದಿಗೆ ಅಂತ ದುಡ್ಡು ಕೇಳ್ತಾರಲ್ಲ?”

ಮಲಾವಿ 1994ರಲ್ಲಿ, ಲೆಸೋಥೋ 2000ದಲ್ಲಿ, ಜಾಂಬಿಯಾ 2002ರಲ್ಲಿ, ಎಸ್ವಾಟಿನಿ 2010ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆಯತೊಡಗಿದವು. ಜಾಂಬಿಯಾದಲ್ಲಿ 2022ರಿಂದ ಪ್ರೌಢಶಾಲೆಗೂ ಶುಲ್ಕ ಇಲ್ಲ. ಆದರೂ ಯೂನಿಫಾರಂ, ಶೂ, ಪುಸ್ತಕ, ಬಸ್ ಚಾರ್ಜು ಉಳಿಯುತ್ತವೆ. ಯೂನಿಫಾರಂ ಇಲ್ಲದ ಮಗು ನಾಚಿಕೆಯಿಂದಲೇ ಮನೆಯಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ದೊಡ್ಡ ಅಡ್ಡಿ ಕಾಗದದ್ದು. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಭತ್ಯೆ ಸಿಗುವುದು ಕಷ್ಟ, ಪರೀಕ್ಷೆಗೆ ಹೆಸರು ಕೊಡುವುದು ಕಷ್ಟ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮೇಲೆ ಪತ್ರ ಮಾಡಿಸಲು ಅಜ್ಜಿ ಪಟ್ಟಣದ ಆಫೀಸಿಗೆ ನಾಲ್ಕೈದು ಸಲ ಅಲೆಯಬೇಕು. ಜೊತೆಗೆ ಹೋಗಿ ಫಾರಂ ತುಂಬಿಕೊಡುವ ಒಬ್ಬ ಕಾರ್ಯಕರ್ತೆ ಒಂದು ಮಗುವಿಗೆ ಮಾಡುವ ಉಪಕಾರ ಎಷ್ಟೋ ಉಡುಗೊರೆಗಳಿಗಿಂತ ದೊಡ್ಡದು. ಇದರ ಫೋಟೊ ಚೆನ್ನಾಗಿ ಬರುವುದಿಲ್ಲ, ಅದಕ್ಕೇ ಇದಕ್ಕೆ ದೇಣಿಗೆ ಕಡಿಮೆ.

“ಎಚ್‌ಐವಿ ಇರೋ ಮಕ್ಕಳು ಬದುಕ್ತಾರಾ?”

ಬದುಕುತ್ತಾರೆ, ಬೆಳೆಯುತ್ತಾರೆ, ಮದುವೆಯಾಗುತ್ತಾರೆ. ಮಾತ್ರೆ ತಪ್ಪಬಾರದು, ಅಷ್ಟೇ. ಆ ‘ಅಷ್ಟೇ’ ಚಿಕ್ಕ ಮಾತಲ್ಲ.

ಮೊದಲು ತಡೆಯುವ ವಿಷಯ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ಹೋಗುವ ಸಾಧ್ಯತೆ 15ರಿಂದ 45 ಶೇಕಡಾ. ತಾಯಿಗೆ ಸರಿಯಾಗಿ ಔಷಧಿ ಕೊಟ್ಟರೆ ಶೇಕಡಾ 5ಕ್ಕೂ ಕೆಳಗೆ. ಬೋಟ್ಸ್ವಾನಾ ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿತೆಂದರೆ, 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ವಿಶೇಷ ಮನ್ನಣೆ ಕೊಟ್ಟಿತು. ಸೋಂಕು ಅಷ್ಟು ಜಾಸ್ತಿ ಇರುವ ದೇಶಗಳಲ್ಲಿ ಅದೇ ಮೊದಲು.

ಸೋಂಕಿನೊಂದಿಗೇ ಹುಟ್ಟಿದ ಮಕ್ಕಳಿಗೆ ಮೊದಲು ಕೊಡುತ್ತಿದ್ದ ಸಿರಪ್ ತುಂಬಾ ಕಹಿ. ಕುಡಿಸುವ ಅಜ್ಜಿಗೂ ಅಳು, ಕುಡಿಯುವ ಮಗುವಿಗೂ ಅಳು. ಈಗ ನೀರಿನಲ್ಲಿ ಕರಗುವ, ಸ್ಟ್ರಾಬೆರಿ ರುಚಿಯ ಡೊಲುಟೆಗ್ರಾವಿರ್ ಮಾತ್ರೆ ಬಂದಿದೆ. ಮುಂಬೈನ ಮ್ಯಾಕ್ಲಿಯೋಡ್ಸ್ ಕಂಪನಿ ಅದನ್ನು ತಯಾರಿಸುವವರಲ್ಲಿ ಒಂದು. ಒಂದು ಮಗುವಿಗೆ ವರ್ಷಕ್ಕೆ 40 ಡಾಲರ್‌ಗಿಂತ ಕಡಿಮೆ. ಆಫ್ರಿಕಾದ ಮಕ್ಕಳು ನುಂಗುವ ಎಚ್‌ಐವಿ ಔಷಧಿಯಲ್ಲಿ ದೊಡ್ಡ ಪಾಲು ನಮ್ಮ ದೇಶದಲ್ಲೇ ತಯಾರಾಗುತ್ತದೆ.

ಕಷ್ಟ ಬರುವುದು ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ. “ನಾನು ಮಾತ್ರ ಯಾಕೆ ದಿನಾ ಮಾತ್ರೆ ತಗೋಬೇಕು?” ಅಂತ ಮಗು ಕೇಳುತ್ತದೆ. ಅಜ್ಜಿಗೆ ಹೇಳಲು ಬಾಯಿ ಬರುವುದಿಲ್ಲ, ಯಾಕಂದರೆ ಅದು ತನ್ನ ಮಗಳು ಸತ್ತ ಕಥೆಯೂ ಹೌದು. ಆಗ ಜೊತೆಗೆ ಕೂತು ನಿಧಾನವಾಗಿ ಹೇಳಲು ಕಲಿತ ಒಬ್ಬರು ಬೇಕು.

ನ್ಕೋಸಿ ಜಾನ್ಸನ್ ಎಂಬ ದಕ್ಷಿಣ ಆಫ್ರಿಕಾದ ಹುಡುಗನ ಹೆಸರು ಕೇಳಿರಬಹುದು. 2000ದಲ್ಲಿ ಡರ್ಬನ್ನಿನ ಏಡ್ಸ್ ಸಮ್ಮೇಳನದಲ್ಲಿ ಸಾವಿರಾರು ಜನರ ಮುಂದೆ ನಿಂತು ತನ್ನ ಕಾಯಿಲೆಯ ಬಗ್ಗೆ ಮಾತಾಡಿದಾಗ ಅವನಿಗೆ 11 ವರ್ಷ. ಮರುವರ್ಷ ಜೂನ್ 1ರಂದು ತೀರಿಕೊಂಡ. ಇವತ್ತು ಹುಟ್ಟಿದ್ದರೆ ಅವನೂ ಬೆಳೆದು ದೊಡ್ಡವನಾಗುತ್ತಿದ್ದ ಅನ್ನುವುದನ್ನು ಮರೆಯಲು ನನಗೆ ಆಗುವುದಿಲ್ಲ.

“ಅಪ್ಪ ಅಮ್ಮ ಸತ್ತ ದುಃಖಕ್ಕೆ ಯಾರೇನು ಮಾಡೋಕಾಗುತ್ತೆ?”

ದುಃಖ ತೆಗೆಯಲು ಆಗದು. ಆದರೆ ಏನೂ ಹೇಳದೆ ಮುಚ್ಚಿಡುವುದರಿಂದ ಮಗು ಇನ್ನೂ ಒಂಟಿಯಾಗುತ್ತದೆ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಫಿಲಿಪ್ ಡೆನಿಸ್ ಎಂಬ, ಡೊಮಿನಿಕನ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಕಟ್ಟಿದ ‘ಸಿನೊಮ್ಲಾಂಡೊ’ ಕೇಂದ್ರ ನೆನಪಿನ ಪೆಟ್ಟಿಗೆಗಳ ಕೆಲಸ ಮಾಡಿತು. ಜೂಲು ಭಾಷೆಯಲ್ಲಿ ಆ ಹೆಸರಿನ ಅರ್ಥ ‘ನಮಗೂ ಚರಿತ್ರೆ ಇದೆ’. ಮನೆಯವರೆಲ್ಲ ಕೂತು ಸತ್ತವರ ಕಥೆ ಹೇಳುತ್ತಾರೆ. ಅದನ್ನು ಬರೆದಿಡುತ್ತಾರೆ. ಫೋಟೊ, ಬಟ್ಟೆಯ ತುಂಡು, ಅಮ್ಮನ ಗುರುತಿನ ಚೀಟಿ, ಏನಿದೆಯೋ ಅದನ್ನು ಒಂದು ಪೆಟ್ಟಿಗೆಯಲ್ಲಿ ಇಡುತ್ತಾರೆ. ಅಮ್ಮ ಯಾವ ಹಾಡು ಹೇಳುತ್ತಿದ್ದಳು, ನನ್ನ ಹೆಸರು ಯಾಕೆ ಇದು, ನಮ್ಮ ಊರು ಯಾವುದು ಅನ್ನುವುದಕ್ಕೆ ಮಗುವಿನ ಕೈಯಲ್ಲಿ ಉತ್ತರ ಇರುತ್ತದೆ.

## ಕಷ್ಟದ ಪ್ರಶ್ನೆಗಳು

“ನಾವೆಲ್ಲ ಸೇರಿ ಅಲ್ಲೊಂದು ಅನಾಥಾಲಯ ಕಟ್ಟಿಸೋಣ ಅಂತಿದ್ದೀವಿ. ಯಾರನ್ನು ಕೇಳಬೇಕು?”

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ದಯವಿಟ್ಟು ಕಟ್ಟಿಸಬೇಡಿ.

ಅನಾಥಾಲಯ ನಮ್ಮ ಮನಸ್ಸಿನಲ್ಲಿ ಯಾಕೆ ಕೂತಿದೆ ಅಂತ ನನಗೆ ಅರ್ಥವಾಗುತ್ತದೆ. 1876–78ರ ದೊಡ್ಡ ಬರಗಾಲದಲ್ಲಿ ನಮ್ಮ ಕಡೆಯೂ ಮಿಷನ್ನಿನವರು ಅನಾಥ ಮಕ್ಕಳನ್ನು ತಂದು ಸಾಕಿದರು. ಆಗ ಮಕ್ಕಳ ಜೀವ ಉಳಿಯಿತು. ಆದರೆ ಈಗ ಆಫ್ರಿಕಾದಲ್ಲಿ ಸ್ಥಿತಿ ಬೇರೆ. ಅನಾಥಾಲಯಗಳಲ್ಲಿರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ, ಇಲ್ಲದಿದ್ದರೆ ಹತ್ತಿರದ ನೆಂಟರಿರುತ್ತಾರೆ. ಮಗುವನ್ನು ಅಲ್ಲಿಗೆ ತಳ್ಳುವುದು ಬಡತನ. ಬಡ ಊರಿನಲ್ಲಿ ಮೂರು ಹೊತ್ತು ಊಟ, ಒಳ್ಳೆಯ ಶಾಲೆ ಇರುವ ಕಟ್ಟಡ ಎದ್ದರೆ ಅಜ್ಜಿ ಏನು ಮಾಡುತ್ತಾಳೆ? ಎದೆ ಕಲ್ಲು ಮಾಡಿಕೊಂಡು ಮೊಮ್ಮಗುವನ್ನು ಅಲ್ಲಿ ಬಿಡುತ್ತಾಳೆ. ಹಾಗೆ ಕಟ್ಟಡವೇ ತನಗೆ ಬೇಕಾದ ಅನಾಥರನ್ನು ಹುಟ್ಟಿಸುತ್ತದೆ.

ಎಳೆ ಮಕ್ಕಳಿಗೆ ಇದರಿಂದ ಆಗುವ ನಷ್ಟ ದೊಡ್ಡದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದು ಅನಾಥಾಲಯದ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಅರ್ಧ ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದ್ದರು. ಎರಡು ವರ್ಷದೊಳಗೆ ಮನೆ ಸೇರಿದವರು ಮಾತಿನಲ್ಲಿ, ಬುದ್ಧಿಯಲ್ಲಿ, ಪ್ರೀತಿ ಹಚ್ಚಿಕೊಳ್ಳುವುದರಲ್ಲಿ ಎಷ್ಟೋ ಮುಂದೆ ಬಂದರು. ಪಾಳಿ ಬದಲಾದಂತೆ ಬದಲಾಗುವ ಆಯಾಗಳು ಎಷ್ಟೇ ಒಳ್ಳೆಯವರಾಗಿರಲಿ, ರಾತ್ರಿ ಎದ್ದು ಅತ್ತಾಗ ಅದೇ ಮುಖ ಬರಬೇಕು ಮಗುವಿಗೆ. 2009ರ ವಿಶ್ವಸಂಸ್ಥೆ ಮಾರ್ಗಸೂಚಿಯೂ ಕುಟುಂಬವೇ ಮೊದಲು ಎನ್ನುತ್ತದೆ.

ಖರ್ಚಿನಲ್ಲೂ ಹಾಗೇ. ಕಟ್ಟಡ, ವಾಚ್‌ಮನ್, ಅಡುಗೆಯವರು, ಜನರೇಟರ್ ಎಲ್ಲ ಸೇರಿದರೆ ಒಂದು ಮಗುವಿಗೆ ತಗಲುವ ದುಡ್ಡಿನಲ್ಲಿ ಮನೆಗಳಲ್ಲೇ ಹಲವು ಮಕ್ಕಳನ್ನು ನೋಡಿಕೊಳ್ಳಬಹುದು. ನಿಮ್ಮ ದುಡ್ಡಿನಲ್ಲಿ ಏನಾದರೂ ಕಟ್ಟಲೇಬೇಕು ಅಂತಿದ್ದರೆ ಅಜ್ಜಿಯ ಮನೆಯ ಸೋರುವ ಮಾಡು ಸರಿ ಮಾಡಿಸಿ.

“ಹಾಗಾದ್ರೆ ಮಕ್ಕಳ ಮನೆಗಳೇ ಬೇಡ್ವಾ? ಬಿಸಾಡಿ ಹೋದ ಕೂಸುಗಳ ಗತಿ?”

ಬೇಕು, ಕೆಲವು. ಜೊಹಾನ್ಸ್‌ಬರ್ಗ್‌ನ ಬೆರಿಯಾದ ಬ್ಯಾಪ್ಟಿಸ್ಟ್ ಚರ್ಚೊಂದು 1999ರಲ್ಲಿ ಗೋಡೆಯಲ್ಲಿ ಒಂದು ಕಿಂಡಿ ಮಾಡಿಸಿತು. ಕಸದ ತೊಟ್ಟಿಗೆ ಹಾಕುವ ಬದಲು ತಾಯಿ ಕೂಸನ್ನು ಅಲ್ಲಿಡಬಹುದು, ಇಟ್ಟ ಕೂಡಲೇ ಒಳಗೆ ಗೊತ್ತಾಗುತ್ತದೆ. ‘ಡೋರ್ ಆಫ್ ಹೋಪ್’ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಇಂಥ ಕಿಂಡಿಗಳಿಗೆ ಕಾನೂನಿನ ಬೆಂಬಲ ಇರಬೇಕೇ ಬೇಡವೇ ಎಂಬ ಚರ್ಚೆ ಅಲ್ಲಿ ನಡೆದೇ ಇದೆ. ಕೂಸಿನ ಜೀವದ ಪ್ರಶ್ನೆ ಬಂದಾಗ ನಾನು ಕಿಂಡಿಯ ಪರ.

ಹೊಡೆತ, ಲೈಂಗಿಕ ಹಿಂಸೆಯಿಂದ ಬಿಡಿಸಿ ತಂದ ಮಕ್ಕಳಿಗೂ ಸ್ವಲ್ಪ ಕಾಲ ಸುರಕ್ಷಿತ ಜಾಗ ಬೇಕು. ಅದು ಚಿಕ್ಕದಾಗಿರಬೇಕು, ಸರ್ಕಾರದಲ್ಲಿ ನೋಂದಣಿ ಆಗಿರಬೇಕು, ಮೊದಲ ದಿನದಿಂದಲೇ ಮಗುವಿಗೆ ಮನೆ ಹುಡುಕುತ್ತಿರಬೇಕು. ದಕ್ಷಿಣ ಆಫ್ರಿಕಾದಲ್ಲಿ 2010ರಿಂದ ಪೂರ್ತಿ ಜಾರಿಯಲ್ಲಿರುವ ಮಕ್ಕಳ ಕಾಯ್ದೆಯ ಪ್ರಕಾರ ಮಗುವನ್ನು ಎಲ್ಲಿಡಬೇಕೆಂದು ತೀರ್ಮಾನಿಸುವುದು ಮಕ್ಕಳ ನ್ಯಾಯಾಲಯ. ಪಾದ್ರಿಯಲ್ಲ, ದಾನಿಯೂ ಅಲ್ಲ.

“ನೇರವಾಗಿ ಕೇಳ್ತೀನಿ, ಇದೆಲ್ಲ ಮತಾಂತರಕ್ಕೆ ತಾನೇ?”

ನೇರವಾಗಿಯೇ ಹೇಳುತ್ತೇನೆ. ಈ ದೇಶಗಳಲ್ಲಿ ಬಹುತೇಕ ಎಲ್ಲ ಕಡೆ ಹೆಚ್ಚಿನ ಜನ ಆಗಲೇ ಕ್ರೈಸ್ತರು. ಜಾಂಬಿಯಾ ತನ್ನನ್ನು ಕ್ರೈಸ್ತ ದೇಶ ಎಂದು 1991ರಲ್ಲೇ ಘೋಷಿಸಿಕೊಂಡಿತು. ಅಲ್ಲಿ ನೆರೆಮನೆಯ ಅನಾಥ ಮಗುವಿಗೆ ಗಂಜಿ ಕೊಡುವ ಹೆಂಗಸೂ, ಆ ಮಗುವಿನ ಅಜ್ಜಿಯೂ ಭಾನುವಾರ ಚರ್ಚಿಗೆ ಹೋಗುವವರೇ. ಹಾಗಾಗಿ ಕರ್ನಾಟಕದಲ್ಲಿ ಈ ಪ್ರಶ್ನೆಗೆ ಇರುವ ಹಿನ್ನೆಲೆ ಅಲ್ಲಿಲ್ಲ.

ಆದರೆ ಮಲಾವಿಯಲ್ಲಿ, ಮೊಜಾಂಬಿಕ್‌ನಲ್ಲಿ ಮುಸ್ಲಿಂ ಮನೆಗಳೂ ತುಂಬಾ ಇವೆ. ಪ್ರಾರ್ಥನೆಗೆ ಬಂದರೆ ಮಾತ್ರ ಊಟ ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಹಸಿದ ಮಗುವಿಗೆ ಆಯ್ಕೆ ಎಲ್ಲಿರುತ್ತದೆ? 1994ರ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ ನೀತಿ ಸಂಹಿತೆ, ಧರ್ಮದ ನಿಲುವನ್ನು ಮುಂದೊತ್ತಲು ನೆರವನ್ನು ಬಳಸಬಾರದು ಎನ್ನುತ್ತದೆ. ಅದಕ್ಕೆ ಸಹಿ ಹಾಕಿದ ಕ್ರೈಸ್ತ ಸಂಸ್ಥೆಗಳು ಎಷ್ಟೋ ಇವೆ. ನೀವು ದುಡ್ಡು ಕೊಡುವ ಮುಂಚೆ ಈ ಒಂದು ಪ್ರಶ್ನೆ ಖಂಡಿತ ಕೇಳಿ.

“ಏಡ್ಸ್ ಬಂದಾಗ ಚರ್ಚುಗಳೇ ಜನರನ್ನು ಪಾಪಿಗಳು ಅಂದವಂತೆ. ಈಗ ಸೇವೆ ಅಂದ್ರೆ ಹೇಗೆ?”

ಅಂದದ್ದು ನಿಜ. ರೋಗವನ್ನು ದೇವರ ಶಿಕ್ಷೆ ಎಂದು ವೇದಿಕೆಯಿಂದ ಹೇಳಿದವರಿದ್ದರು. ಹಾಗೆ ಹೇಳಿದ್ದರಿಂದ ಜನ ಪರೀಕ್ಷೆಗೆ ಹೋಗಲು ಹೆದರಿದರು, ಕಾಯಿಲೆ ಮುಚ್ಚಿಟ್ಟರು, ಸತ್ತರು. ಕ್ರೈಸ್ತಳಾಗಿ ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಬೇರೆ ದಾರಿ ಹಿಡಿದವರೂ ಇದ್ದರು. ದಕ್ಷಿಣ ಆಫ್ರಿಕಾದ ರುಸ್ಟೆನ್‌ಬರ್ಗ್‌ನ ಕ್ಯಾಥೊಲಿಕ್ ಬಿಷಪ್ ಕೆವಿನ್ ಡೌಲಿಂಗ್ ಪ್ಲಾಟಿನಂ ಗಣಿಗಳ ಪಕ್ಕದ ತಗಡಿನ ಗುಡಿಸಲುಗಳಿಗೆ ಹೋಗಿ ಬರುತ್ತಿದ್ದರು. ಅಲ್ಲಿ ಸಾಯುತ್ತಿದ್ದ ತರುಣಿಯರನ್ನು ಕಂಡು, ಜೀವ ಉಳಿಸಲು ಕಾಂಡೋಮ್ ಬಳಸುವುದು ತಪ್ಪಲ್ಲ ಎಂದು 2001ರಲ್ಲಿ ಬಹಿರಂಗವಾಗಿ ಹೇಳಿದರು. ಅವರ ಜೊತೆಯ ಬಿಷಪ್ಪರು ಅದನ್ನು ಒಪ್ಪಲಿಲ್ಲ. ಅವರು ಶುರುಮಾಡಿದ ‘ತಪೊಲೊಗೊ’ ಸಂಸ್ಥೆ ಸಾಯುವವರ ಆರೈಕೆಯ ಜೊತೆಗೆ ಅವರ ಮಕ್ಕಳನ್ನೂ ನೋಡಿಕೊಂಡಿತು.

“ಮನೆ ಮನೆಗೆ ಹೋಗೋ ಆ ಹೆಂಗಸರಿಗೆ ಸಂಬಳ ಇದೆಯಾ?”

ಎಷ್ಟೋ ಕಡೆ ಇಲ್ಲ. ಕೆಲವು ಕಡೆ ಚಿಕ್ಕ ಗೌರವಧನ. ಸೇವೆ ಅಂದ ಮೇಲೆ ದುಡ್ಡು ಯಾಕೆ ಅನ್ನುವವರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಬೀದಿಯಲ್ಲಿ ಕೂತು ಕೇಳಿದ್ದು ಇದನ್ನೇ ಅಲ್ವಾ? ಬಡ ಹೆಂಗಸಿನ ಪುಕ್ಕಟೆ ದುಡಿಮೆಯ ಮೇಲೆ ನಿಂತ ಕಾರ್ಯಕ್ರಮವನ್ನು ಕಡಿಮೆ ಖರ್ಚಿನದು ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಗೌರವಧನ, ಮಳೆಗೆ ಕೊಡೆ, ನಡೆಯಲು ಗಟ್ಟಿ ಚಪ್ಪಲಿ, ಅವರ ಮಕ್ಕಳ ಯೂನಿಫಾರಂ, ಇದನ್ನೆಲ್ಲ ಬಜೆಟ್ಟಿನಲ್ಲಿ ತೋರಿಸುವ ಸಂಸ್ಥೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

## ಕೊಡಬೇಕು, ಹೋಗಬೇಕು ಅನ್ನುವವರಿಗೆ

“ಒಂದು ಮಗುವಿನ ಖರ್ಚು ನಾನೇ ನೋಡಿಕೊಳ್ತೀನಿ. ಫೋಟೊ, ಪತ್ರ ಬರುತ್ತಂತೆ. ಒಳ್ಳೇದಾ?”

ಒಳ್ಳೆಯದಾಗಬಹುದು. ಕಂಪ್ಯಾಶನ್ ಎಂಬ ಕ್ರೈಸ್ತ ಸಂಸ್ಥೆಯ ಇಂಥ ನೆರವನ್ನು ಭಾರತವೂ ಸೇರಿ 6 ದೇಶಗಳಲ್ಲಿ ಪರೀಕ್ಷಿಸಿದ ಅಧ್ಯಯನ 2013ರಲ್ಲಿ ಬಂತು. ನೆರವು ಪಡೆದ ಮಕ್ಕಳು ಸರಾಸರಿ ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು.

ತೊಂದರೆ ಇರುವುದು ಆರಿಸುವುದರಲ್ಲಿ. ಒಂದೇ ಮನೆಯ ಮೂವರಲ್ಲಿ ಒಬ್ಬಳಿಗೆ ಮಾತ್ರ ಶೂ ಬಂದರೆ ಉಳಿದಿಬ್ಬರು ಏನು ಅಂದುಕೊಳ್ಳಬೇಕು? ಮಗುವಿನ ಫೋಟೊ ಇರಲಿ, ಪತ್ರವೂ ಇರಲಿ, ದುಡ್ಡು ಮಾತ್ರ ಇಡೀ ಮನೆಗೋ ಊರಿಗೋ ಹೋಗುವ ಕ್ರಮವನ್ನು ಆರಿಸಿಕೊಳ್ಳಿ. ಪತ್ರ ಬರೆದರೆ ಮಗುವಿನ ಓದು, ಆಟ, ಅಜ್ಜಿಯ ಆರೋಗ್ಯ ವಿಚಾರಿಸಿ. ನಿಮ್ಮ ಮನೆ, ಕಾರಿನ ಫೋಟೊ ಬೇಡ.

“ರಜೆಯಲ್ಲಿ ಎರಡು ವಾರ ಹೋಗಿ ಮಕ್ಕಳ ಜೊತೆ ಇದ್ದು ಬರೋಣ ಅಂತಿದ್ದೀವಿ.”

ಲಂಡನ್, ದುಬೈಯಲ್ಲಿರುವ ನಮ್ಮವರು ಇದನ್ನು ಹೆಚ್ಚಾಗಿ ಕೇಳುತ್ತಾರೆ. ಮಗುವಿನ ಕಡೆಯಿಂದ ನೋಡಿ. ಹೊಸ ಅಕ್ಕ ಬರುತ್ತಾಳೆ, ಎತ್ತಿಕೊಳ್ಳುತ್ತಾಳೆ, ಹಾಡು ಕಲಿಸುತ್ತಾಳೆ, ಹದಿನೈದನೇ ದಿನ ಮಾಯವಾಗುತ್ತಾಳೆ. ಮುಂದಿನ ತಿಂಗಳು ಇನ್ನೊಬ್ಬಳು. ಆಗಲೇ ಅಮ್ಮನನ್ನು ಕಳೆದುಕೊಂಡ ಮಗುವಿಗೆ ಇದು ಮತ್ತೆ ಮತ್ತೆ ಅದೇ ಪಾಠ. ಅನಾಥಾಲಯಗಳಿಗೆ ಹೋಗುವ ಇಂಥ ಪ್ರವಾಸಗಳ ಅಪಾಯವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೂ 2019ರ ಡಿಸೆಂಬರಿನ ನಿರ್ಣಯದಲ್ಲಿ ಎತ್ತಿದೆ.

ಹೋಗುವುದಾದರೆ ದೊಡ್ಡವರಿಗೆ ಉಪಯೋಗವಾಗುವಂತೆ ಹೋಗಿ. ಲೆಕ್ಕಪತ್ರ ಗೊತ್ತಿದ್ದರೆ ಅವರ ಲೆಕ್ಕದವರಿಗೆ ಕಲಿಸಿ. ನರ್ಸ್ ಆಗಿದ್ದರೆ ಕಾರ್ಯಕರ್ತೆಯರಿಗೆ ತರಬೇತಿ ಕೊಡಿ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳ ಜೊತೆ ಕೆಲಸ ಮಾಡುವವರ ಹೆಸರನ್ನು ಮಕ್ಕಳಿಗೆ ಅಪಾಯಕಾರಿ ಎಂದು ದಾಖಲಾದವರ ಪಟ್ಟಿಯಲ್ಲಿ ಪರಿಶೀಲಿಸಬೇಕು. ಅದನ್ನೇ ಕೇಳದೆ ನಿಮ್ಮನ್ನು ಒಳಗೆ ಬಿಡುವ ಜಾಗಕ್ಕೆ ಹೋಗಬೇಡಿ.

“ಹಳೇ ಬಟ್ಟೆ ಕಳಿಸಬಹುದಾ?”

ಬೇಡ. ಸಾಗಣೆ ಖರ್ಚೇ ಜಾಸ್ತಿ. ಜಾಂಬಿಯಾದ ಸಂತೆಗಳಲ್ಲಿ ಹಳೆ ಬಟ್ಟೆಗೆ ‘ಸಲಾವುಲಾ’ ಅಂತ ಹೆಸರೇ ಇದೆ, ರಾಶಿಯಲ್ಲಿ ಕೆದಕಿ ಆರಿಸುವುದು ಅಂತ ಅರ್ಥ. ಅಲ್ಲಿ ಅದಕ್ಕೆ ಬರ ಇಲ್ಲ. ಯೂನಿಫಾರಂ ಹೊಲಿಸಲು ದುಡ್ಡು ಕೊಟ್ಟರೆ ಅದೇ ಊರಿನ ಟೈಲರ್‌ಗೂ ಕೆಲಸ ಸಿಗುತ್ತದೆ.

“ಭಾರತದಿಂದ ದುಡ್ಡು ಕಳಿಸೋಕೆ ಎಫ್‌ಸಿಆರ್‌ಎ ಬೇಕಾ? ತೆರಿಗೆ ರಿಯಾಯಿತಿ ಸಿಗುತ್ತಾ?”

ಎಫ್‌ಸಿಆರ್‌ಎ ಹೊರದೇಶದಿಂದ ಇಲ್ಲಿಗೆ ಬರುವ ದುಡ್ಡಿನ ಕಾನೂನು. ವ್ಯಕ್ತಿಯೊಬ್ಬರು ಹೊರಗೆ ದೇಣಿಗೆ ಕಳಿಸುವುದು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಬರುತ್ತದೆ. ವರ್ಷಕ್ಕೆ ಒಬ್ಬರಿಗೆ ಒಟ್ಟು 2,50,000 ಡಾಲರ್ ಮಿತಿ. ಬ್ಯಾಂಕಿನಲ್ಲಿ ಫಾರಂ ತುಂಬಿ, ಪ್ಯಾನ್ ಕೊಡಬೇಕು. ನಾವು 80ಜಿ ಎನ್ನುವ ತೆರಿಗೆ ರಿಯಾಯಿತಿ ಮಾತ್ರ ವಿದೇಶಿ ಸಂಸ್ಥೆಗೆ ಕೊಟ್ಟದ್ದಕ್ಕೆ ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ತೆರಿಗೆ ಕಟ್ಟುವ ಕನ್ನಡಿಗರು ಅಲ್ಲಿನ ನೋಂದಾಯಿತ ಸಂಸ್ಥೆಗೆ ‘ಗಿಫ್ಟ್ ಏಡ್’ ಗುರುತು ಹಾಕಿ ಕೊಟ್ಟರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರ ಸೇರಿಸುತ್ತದೆ.

“ಸಂಸ್ಥೆ ಒಳ್ಳೇದಾ ಅಂತ ದೂರದಿಂದ ಹೇಗೆ ಗೊತ್ತಾಗುತ್ತೆ?”

ಫೋಟೊದಿಂದ ಶುರು ಮಾಡಿ. ಮೂಗು ಸೋರುವ, ಹರಿದ ಅಂಗಿಯ ಮಗುವಿನ ಮುಖವನ್ನು ಹೆಸರು, ಎಚ್‌ಐವಿ ಮಾಹಿತಿ ಸಮೇತ ಹಾಕಿದ್ದರೆ ಅಲ್ಲಿಗೇ ನಿಲ್ಲಿಸಿ. ಆ ಮಗುವಿಗೆ ಇಪ್ಪತ್ತು ತುಂಬಿದಾಗಲೂ ಆ ಫೋಟೊ ಇರುತ್ತದೆ.

ಆಮೇಲೆ ಎರಡು ಸಾಲು ಬರೆದು ಕೇಳಿ. ಕಳೆದ ವರ್ಷ ಎಷ್ಟು ಮಕ್ಕಳು ನೆಂಟರ ಮನೆಗೆ ಮರಳಿದರು? ತೀರ್ಮಾನ ತೆಗೆದುಕೊಳ್ಳುವವರಲ್ಲಿ ಆ ಊರಿನವರು ಎಷ್ಟು ಜನ? ಮಗು ದೂರು ಹೇಳಬೇಕಾದರೆ ಯಾರ ಹತ್ತಿರ ಹೋಗಬೇಕು? ಎಸ್ವಾಟಿನಿಯಲ್ಲಿ ಇದಕ್ಕಾಗಿಯೇ ಊರಿನವರೇ ಆರಿಸಿದವರಿರುತ್ತಾರೆ, ‘ಅಳಲು ಒಂದು ಹೆಗಲು’ ಎಂಬ ಅರ್ಥದ ಹೆಸರು ಅವರಿಗೆ. ಒಳ್ಳೆಯ ಸಂಸ್ಥೆ ಈ ಪ್ರಶ್ನೆಗಳಿಂದ ಬೇಸರ ಪಡುವುದಿಲ್ಲ.

ಆಸ್ತಿಯ ಬಗ್ಗೆಯೂ ಕೇಳಬಹುದು. ಗಂಡ ಸತ್ತ ಕೂಡಲೇ ಅವನ ಕಡೆಯವರು ಬಂದು ಮನೆ, ದನ, ಪಾತ್ರೆ ಎಲ್ಲ ಹೊತ್ತೊಯ್ಯುವುದು ಜಾಂಬಿಯಾ, ಮಲಾವಿಗಳಲ್ಲಿ ದೊಡ್ಡ ಪಿಡುಗು. ಜಾಂಬಿಯಾದ 1989ರ ಕಾನೂನು ವಿಲ್ ಇಲ್ಲದ ಆಸ್ತಿಯಲ್ಲಿ ಅರ್ಧವನ್ನು ಮಕ್ಕಳಿಗೇ ಕೊಡುತ್ತದೆ. ಅದನ್ನು ಕೊಡಿಸಲು ವಿಧವೆಯ ಜೊತೆ ಕೋರ್ಟಿಗೆ ಹೋಗುವ ಸಂಸ್ಥೆ ಸಿಕ್ಕರೆ ಕೈ ಬಿಡಬೇಡಿ.

“2025ರಲ್ಲಿ ಅಮೆರಿಕ ದುಡ್ಡು ನಿಲ್ಲಿಸಿತಲ್ಲ, ಅದರಿಂದ ಏನಾಯ್ತು?”

2003ರಲ್ಲಿ ಶುರುವಾದ ಅಮೆರಿಕದ ಏಡ್ಸ್ ನಿಧಿ ‘ಪೆಪ್ಫಾರ್’ ಈ ಕೆಲಸದ ದೊಡ್ಡ ಆಸರೆಯಾಗಿತ್ತು. ಅದರಲ್ಲಿ ಶೇಕಡಾ 10 ಅನಾಥ ಮತ್ತು ಕಷ್ಟದ ಮಕ್ಕಳಿಗೆ ಎಂದು ಕಾನೂನೇ ಹೇಳುತ್ತಿತ್ತು. 2025ರ ಜನವರಿಯಲ್ಲಿ ವಿದೇಶಿ ನೆರವನ್ನು ತಡೆಹಿಡಿದರು. ಜುಲೈ ಹೊತ್ತಿಗೆ ಅಮೆರಿಕ ಸರ್ಕಾರದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಮುಚ್ಚಿತು. ಆ ದುಡ್ಡನ್ನು ನಂಬಿದ್ದ ಕ್ಲಿನಿಕ್ಕುಗಳಿಗೆ, ಚರ್ಚಿನ ಸಂಸ್ಥೆಗಳಿಗೆ ತರಬೇತಿ ಪಡೆದ ಕಾರ್ಯಕರ್ತೆಯರನ್ನು ಮನೆಗೆ ಕಳಿಸಬೇಕಾಯಿತು. ಮಾತ್ರೆ ಕಪಾಟಿನಲ್ಲಿದ್ದರೂ, ತಪ್ಪಿಸಿದ ಮಗುವಿನ ಮನೆಗೆ ಹೋಗಿ ಕರೆತರುವವರಿಲ್ಲ. ನಮ್ಮಂಥವರ ಚಿಕ್ಕ ದೇಣಿಗೆ ಆ ಇಡೀ ಜಾಗ ತುಂಬಲಾರದು. ಒಬ್ಬ ಕಾರ್ಯಕರ್ತೆಯನ್ನು ಮತ್ತೆ ಕೆಲಸಕ್ಕೆ ತರಲು ಸಾಕಾಗಬಹುದು.

“18 ತುಂಬಿದ ಮೇಲೆ ಈ ಮಕ್ಕಳು ಏನಾಗ್ತಾರೆ?”

ಸಂಸ್ಥೆಯಲ್ಲಿ ಬೆಳೆದವರಿಗೆ ಸಾಮಾನ್ಯವಾಗಿ ಅದು ಹೊರಡುವ ದಿನ. ಓದು ಮುಂದುವರಿದರೆ ಸ್ವಲ್ಪ ಕಾಲ ಉಳಿಯಲು ಬಿಡುತ್ತಾರೆ, ಇಲ್ಲದಿದ್ದರೆ ಒಂದು ಬ್ಯಾಗ್ ಹಿಡಿದು ಗೇಟಿನಾಚೆ. ಹಬ್ಬಕ್ಕೆ ಎಲ್ಲಿಗೆ ಹೋಗಬೇಕು, ಹೆರಿಗೆಗೆ ಯಾರ ಮನೆಗೆ ಹೋಗಬೇಕು ಅನ್ನುವುದಕ್ಕೆ ಅವರಿಗೆ ಉತ್ತರ ಇರುವುದಿಲ್ಲ. ಇವರಿಗೆ ಕೆಲಸ ಕಲಿಸುವುದು, ಬಾಡಿಗೆ ರೂಮು ಹುಡುಕಿಕೊಡುವುದು, ಫೋನ್ ಮಾಡಲು ಒಬ್ಬ ದೊಡ್ಡವರನ್ನು ಜೊತೆ ಮಾಡುವುದು ತುಂಬಾ ಬೇಕಾದ ಕೆಲಸ, ಆದರೆ ದಾನಿಗಳಿಗೆ ಚಿಕ್ಕ ಮಕ್ಕಳೇ ಇಷ್ಟ.

ಗೋಗೊ ಮನೆಯಲ್ಲಿ ಬೆಳೆದವರಿಗೆ 18ನೇ ಹುಟ್ಟುಹಬ್ಬ ಇನ್ನೊಂದು ದಿನ ಅಷ್ಟೇ. ಭತ್ಯೆ ನಿಲ್ಲುತ್ತದೆ, ಅದು ಕಷ್ಟವೇ. ಆದರೆ ಮಲಗುವ ಜಾಗ ಅದೇ ಇರುತ್ತದೆ. ಆ ಹೊತ್ತಿಗೆ ಅಜ್ಜಿಯ ಕಣ್ಣು ಮಂಜಾಗಿರುತ್ತದೆ, ಮಂಡಿ ಹಿಡಿದಿರುತ್ತದೆ. ನೀರು ತರುವವಳು, ಅಜ್ಜಿಯ ಬಿಪಿ ಮಾತ್ರೆ ನೆನಪಿಸುವವಳು, ತಿಂಗಳಿಗೊಮ್ಮೆ ಕೈ ಹಿಡಿದು ಪಿಂಚಣಿ ಕ್ಯೂಗೆ ಕರೆದುಕೊಂಡು ಹೋಗುವವಳು ಆ ಮೊಮ್ಮಗಳೇ.